ಸಲೂಕಿ ನಾಯಿಯ ಎಡಗಿವಿ

ಕಳೆದ ವಾರ ಮಗಳು ಶಾಲೆಯ ಕೆಲಸಕ್ಕೆಂದು ಆಯಿಲ್ ಪೇಂಟ್ ಡಬ್ಬಿ ಬಿಚ್ಚಿದಳು. ಕುವೈತಿನ ಮಹಬೂಲಾದ ನಮ್ಮ ಪುಟ್ಟ ಫ್ಲ್ಯಾಟಿನ ತುಂಬ ಟರ್ಪೆಂಟೈನ್ ವಾಸನೆ. ಕಿಟಕಿ ತೆರೆಯಲು ಎದ್ದವಳು ಅಲ್ಲೇ ನಿಂತುಬಿಟ್ಟೆ. ಮಾಷ್ಟ್ರ ಕೈಗೆ ಸದಾ ಇದೇ ವಾಸನೆ ಇರುತ್ತಿತ್ತು...

ಆಗ ಇಲ್ಲಿನ ರಾಯ್ ಪ್ರದೇಶದ ಫ್ರೇಮ್ ಅಂಗಡಿಯೊಂದರಲ್ಲಿ ನಾನು ಕೌಂಟರ್ ನೋಡಿಕೊಳ್ಳುತ್ತಿದ್ದೆ. ಮಾಷ್ಟ್ರು ಹಿಂದಿನ ಕೋಣೆಯಲ್ಲಿ ಗಾಜು ಕತ್ತರಿಸುತ್ತಿದ್ದರು. ಉಡುಪಿ ಕಡೆ ಡ್ರಾಯಿಂಗ್ ಮಾಷ್ಟ್ರಾಗಿದ್ದವರು. ನನ್ನನ್ನು 'ಮಗಾ' ಎಂದೇ ಕರೆಯುತ್ತಿದ್ದರು.

ಒಂದು ದಿನ ಕುವೈತಿ ಹೆಂಗಸೊಬ್ಬರು ಬಂದರು. ಅವರು ಹದಿಮೂರು ವರ್ಷ ಸಾಕಿದ್ದ ಸಲೂಕಿ, ಉದ್ದ ಕಾಲಿನ ಬೇಟೆನಾಯಿ, ಸತ್ತುಹೋಗಿತ್ತು. ಅದರ ಫೋಟೊದ ಜೊತೆ ಹಳೆಯ ಯುರೋಪಿಯನ್ ಚಿತ್ರಗಳ ದಪ್ಪ ಪುಸ್ತಕವೊಂದನ್ನೂ ತಂದಿದ್ದರು. ಅದರಲ್ಲಿರುವ ಅರಮನೆಯ ನಾಯಿಗಳ ಹಾಗೆ ತನ್ನದನ್ನೂ ಬರೆಸಿಕೊಡಬೇಕೆಂದರು.

ಅವರು ಹೋದ ಮೇಲೆ ಮಾಷ್ಟ್ರು, ತಾನೇ ಬರೆಯುತ್ತೇನೆ ಎಂದು ಪುಸ್ತಕ ಹಿಡಿದು ಕೂತರು. "ಇಲ್ಲಿ ನೋಡು ಮಗಾ. ರಾಜ ನಮ್ಮನ್ನು ನೋಡ್ತಾನೆ, ನಾಯಿ ರಾಜನನ್ನು ಮಾತ್ರ ನೋಡ್ತದೆ. ಇನ್ನು ಈ ಪುಟದಲ್ಲಿ ರಾಜನೇ ಇಲ್ಲ, ನಾಯಿ ಒಂದೇ. ಅದಕ್ಕೂ ಒಂದು ಮುಖ ಉಂಟು ಅಂತ ಯಾರಿಗೋ ಕಂಡಿದೆ ಅಲ್ವಾ?"

ದಿನವೂ ಕೆಲಸ ಮುಗಿದ ಮೇಲೆ ಕೂತು ಎರಡು ತಿಂಗಳು ಬರೆದರು. ಫೋಟೊದಲ್ಲಿ ನಾಯಿಯ ಎಡಗಿವಿ ನೆರಳಿನಲ್ಲಿ ಮುಚ್ಚಿಹೋಗಿದ್ದರಿಂದ ಅದನ್ನು ಅಂದಾಜಿನ ಮೇಲೆ ಬರೆದಿದ್ದರು. "ಅವರು ಬಂದಾಗ ಕಿವಿ ಸರಿ ಉಂಟಾ ಅಂತ ಒಂದು ಮಾತು ಕೇಳ್ಬೇಕು," ಎಂದಿದ್ದರು.

ಹೆಂಗಸು ಚಿತ್ರ ಒಯ್ಯಲು ಬರುವ ದಿನ ಮಾಷ್ಟ್ರು ಗಡ್ಡ ಬೋಳಿಸಿ, ಯೂನಿಫಾರ್ಮಿಗೆ ಇಸ್ತ್ರಿ ಹಾಕಿ, ಚಿತ್ರ ಹಿಡಿದು ನನ್ನ ಪಕ್ಕ ನಿಂತರು. ಹೆಂಗಸು ತುಂಬ ಹೊತ್ತು ನೋಡಿ, ಕಣ್ಣೊರೆಸಿಕೊಂಡು, ಇದನ್ನು ಬರೆದವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನನ್ನ ಕಣ್ಣು ಮಾಷ್ಟ್ರ ನೀಲಿ ಯೂನಿಫಾರ್ಮಿನ ಮೇಲೆ, ಬಣ್ಣ ಮೆತ್ತಿದ ಉಗುರುಗಳ ಮೇಲೆ ಹೋಯಿತು.

"ಇಟಲಿಯ ಕಲಾವಿದರು, ಮೇಡಂ," ಎಂದೆ.

ಹಾಗೆ ಹೇಳೆಂದು ಯಾರೂ ಹೇಳಿರಲಿಲ್ಲ. ಗಾಜು ಕತ್ತರಿಸುವ ನಮ್ಮೂರಿನವರೇ ಬರೆದದ್ದು ಎನ್ನಲು ನನಗೇ ನಾಚಿಕೆಯಾಗಿತ್ತು. ಅದೂ ಸಾಲದೆ ಮಾಷ್ಟ್ರ ಕಡೆ ತಿರುಗಿ, ಅವರೊಡನೆ ಎಂದೂ ಆಡದ ಇಂಗ್ಲಿಷಿನಲ್ಲಿ, ಕಾರಿನಲ್ಲಿ ಇಟ್ಟು ಬನ್ನಿ ಎಂದೆ. ಅವರು ಇಟ್ಟು ಬಂದರು. ಕಿವಿಯ ವಿಷಯ ಕೇಳಲಿಲ್ಲ.

ಮರುದಿನ ಬಂದು, "ಗಾಜು ರೆಡಿ ಉಂಟು, ಮೇಡಂ," ಎಂದರು. ಆಮೇಲೆ ನಾನು ಯಾವತ್ತೂ ಬರೀ ಮೇಡಂ. ತಪ್ಪಾಯಿತು ಎನ್ನಬೇಕೆಂದು ದಿನಾ ಅಂದುಕೊಳ್ಳುತ್ತಿದ್ದೆ... ಅಷ್ಟರಲ್ಲಿ ಅವರ ಇಕಾಮಾ, ಇಲ್ಲಿ ವಾಸಿಸುವ ಪರವಾನಗಿ, ಮುಗಿಯಿತು, ಊರಿಗೆ ಹೋದರು. ಹೋದ ವರ್ಷ ತೀರಿಕೊಂಡರೆಂದು ಯಾರೋ ಹೇಳಿದರು.

ನಿನ್ನೆ ಅಂಗಡಿಗೆ ಹೋಗಿ, ಹಳೆಯ ಫೈಲಿನಲ್ಲಿ ಆ ಹೆಂಗಸಿನ ನಂಬರ್ ಹುಡುಕಿ ಫೋನ್ ಮಾಡಿ, ಎಲ್ಲವನ್ನೂ ಹೇಳಿದೆ. ಚಿತ್ರ ಬರೆದವರು ಈಗ ಎಲ್ಲಿದ್ದಾರೆ ಎಂದು ಅವರು ಕೇಳಿದರು. ತೀರಿಕೊಂಡರು ಎಂದೆ.

"ಹಾಗಾದರೆ ಇದನ್ನೀಗ ಯಾರಿಗೋಸ್ಕರ ಹೇಳುತ್ತಿದ್ದೀಯ?"

ನಾನು ಬಾಯಿ ತೆರೆಯುವ ಮೊದಲೇ ಅವರು ಫೋನ್ ಇಟ್ಟರು.