ಬಾಳಪ್ಪನ ರೆಕಾರ್ಡು ಹಚ್ಚಿದ ರಾತ್ರಿ

ಭೂತ-ದೆವ್ವ ಅಂದರೆ ನಗುವವರ ಪೈಕಿ ನಾನು. ಗೋಕಾಕದಲ್ಲಿ ಸೌಂಡ್ ಸಿಸ್ಟಂ ಅಂಗಡಿ ಇಟ್ಟುಕೊಂಡವನಿಗೆ ಯಾವ ಸದ್ದು ಎಲ್ಲಿಂದ ಬರುತ್ತದೆ ಅಂತ ಗೊತ್ತಿರಲೇಬೇಕು. ಆದರೆ ಕಳೆದ ಮಳೆಗಾಲದಲ್ಲಿ ಮೂಡಲಗಿಯ ಆ ಮನೆಯಲ್ಲಿ ಕೇಳಿದ್ದು ಎಲ್ಲಿಂದ ಬಂತು... ಇವತ್ತಿಗೂ ತಿಳಿದಿಲ್ಲ. ಕೇಳಿದ್ದಂತೂ ಸುಳ್ಳಲ್ಲ.

ಹಳೆಯ ರೆಕಾರ್ಡು ಕೂಡಿಡುವುದು ನನ್ನ ಹುಚ್ಚು. ಹುಕ್ಕೇರಿಯ ಗುಜರಿಯಲ್ಲಿ ಒಂದು ಸಿಕ್ಕಿತು. ಅದರ ಮೇಲೆ 'ಬಾಳಪ್ಪ, ಮೂಡಲಗಿ' ಅಂತ ಇತ್ತು, ಬೇರೇನಿಲ್ಲ. ಹಚ್ಚಿದೆ. ಕೆಳಗೆ ಭಜನೆಯ ತಾಳ, ಮೇಲೆ ಎಲೆಕ್ಟ್ರಿಕ್ ಗಿಟಾರಿನ ಕಿರುಚಾಟ, ನಡುವೆ ಬಾವಿಯೊಳಗೆ ನಿಂತು ಹಾಡಿದಂತೆ ಸುತ್ತಿ ಸುತ್ತಿ ಬರುವ ದನಿ. ಸೈಕೆಡೆಲಿಕ್ ರಾಕ್ ಅನ್ನುತ್ತಾರಲ್ಲ, ಅದು... ನಮ್ಮ ಮೂಡಲಗಿಯದು! ಮೈ ಜುಂ ಅಂತು. ಒಂದು ತುಣುಕನ್ನು ಮೊಬೈಲಿನಲ್ಲಿ ಗೆಳೆಯರಿಗೆಲ್ಲ ಕಳಿಸಿದೆ.

ಅದು ಕೈಯಿಂದ ಕೈಗೆ ದಾಟಿ, ಒಂದು ದಿನ ಅಪರಿಚಿತ ಹೆಂಗಸಿನ ಫೋನು ಬಂತು. ಬಾಳಪ್ಪನವರ ಮಗಳು, ಶಾಂತಕ್ಕ.

"ಅಪ್ಪ ಇನ್ನೂ ಅದಾರ್ರಿ. ಆದ್ರ ಊಟಾ ಬಿಟ್ಟಾರ, ನೀರೂ ಮುಟ್ಟವಲ್ರು. ಡಾಕ್ಟರು ಮನಿಗೆ ಕರಕೊಂಡ ಹೋಗ್ರಿ ಅಂದಾರ. ಕೈ ಮುಗೀತೇನ್ರಿ ಅಣ್ಣಾರ, ಆ ರೆಕಾರ್ಡ ತಗೊಂಡ ಬರ್ರಿ. ಅದನ್ನ ಕೇಳಿಯರ ಒಂದ ತುತ್ತ ತಿಂದಾರು..."

ಸಂಜೆ ಬೈಕಿಗೆ ಪ್ಲೇಯರ್ ಕಟ್ಟಿಕೊಂಡು ಅರಭಾವಿ ದಾರಿ ಹಿಡಿದು ಹೊರಟೆ. ಮೂಡಲಗಿ ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ಹಾಸಿಗೆಯ ಮೇಲೆ ಬಾಳಪ್ಪಜ್ಜ... ಬರೀ ಚರ್ಮ, ಎಲುಬು, ತೆರೆದ ಕಣ್ಣು. ಪಕ್ಕದ ಬಟ್ಟಲಲ್ಲಿ ಗಂಜಿ ಕೆನೆಗಟ್ಟಿತ್ತು.

ನಾನು ವಯರು ಜೋಡಿಸುವಾಗ ಶಾಂತಕ್ಕ ಪಿಸುದನಿಯಲ್ಲಿ ಹೇಳಿದರು. "ಗಿಟಾರ ಹಿಡದು ಭಜನಿ ಕೆಡಿಸಿದಿ ಅಂತ ಮಂದಿ ಅಪ್ಪನ್ನ ಭಜನಿಗೆ ಕರಿಯೂದು ಬಿಟ್ರು. ರೆಕಾರ್ಡಿನ್ಯಾಗ ಮಂಗಳ ಹಾಡಾಕ ಜಾಗಾ ಉಳೀಲಿಲ್ಲಂತ. ಅದ ಚಿಂತಿ ಹತ್ತಿ ತಲಿ ಕೆಟ್ಟಿತು. ಆಮ್ಯಾಲೆ ಮಾತೂ ಬಿಟ್ರು."

ನಮ್ಮ ಕಡೆ ಮಂಗಳ ಹಾಡದೆ ಭಜನೆಯಿಂದ ಯಾರೂ ಏಳುವುದಿಲ್ಲ. ಪ್ರಸಾದ ಕೊಡುವುದೂ ಅದಾದ ಮೇಲೆಯೇ.

ರೆಕಾರ್ಡಿನ ಮೇಲೆ ಮುಳ್ಳು ಇಟ್ಟೆ. ತಾಳ ಶುರುವಾಯಿತು. ಅಜ್ಜನ ಬೆರಳು ಅಲುಗಿತು! ಶಾಂತಕ್ಕ ಅಳುತ್ತಲೇ ಚಮಚ ಹಿಡಿದರು. ಅಜ್ಜ ಬಾಯಿ ಮಾತ್ರ ತೆರೆಯಲಿಲ್ಲ. ಮತ್ತೆ ಹಚ್ಚಿದೆ... ಮತ್ತೆ...

ಅಷ್ಟರಲ್ಲಿ ಕರೆಂಟು ಹೋಯಿತು.

ಮೊಬೈಲ್ ಟಾರ್ಚ್ ಹಾಕಿದೆ. ರೆಕಾರ್ಡು ನಿಂತಿತ್ತು. ಬೆರಳಿಟ್ಟು ನೋಡಿದೆ, ನಿಂತೇ ಇತ್ತು. ಆದರೆ ತಾಳ ನಿಂತಿರಲಿಲ್ಲ! ಛಣ್... ಛಣ್... ಎಲ್ಲಿಂದಲೋ ಊದಿನಕಡ್ಡಿಯ ವಾಸನೆ. ಮನೆಯಲ್ಲಿ ಯಾರೂ ಹಚ್ಚಿರಲಿಲ್ಲ. ಬಾಗಿಲು ತೆಗೆದು ನೋಡಿದೆ, ಓಣಿ ಖಾಲಿ. ಒಳಗೆ ಬಂದರೆ ಸದ್ದು ಇನ್ನೂ ಹತ್ತಿರ, ಸುತ್ತಲೂ ಜನ ಕೂತಿದ್ದಾರೆ ಅನ್ನುವಷ್ಟು ಹತ್ತಿರ.

"ಶಾಂತಕ್ಕಾ, ಹೊರಗ ನಡೀರಿ."

"ಅಪ್ಪನ್ನ ಬಿಟ್ಟೇನ್ರಿ?" ಅವರು ಅಜ್ಜನ ಕೈ ಹಿಡಿದರು. "ಮಂಗಳ ಆಗಲಾರದ ಪ್ರಸಾದ ಹ್ಯಾಂಗ ತಿಂತಾರ? ನಂಗ ಈಗ ತಿಳೀತು ನೋಡ್ರಿ..."

ಶಾಂತಕ್ಕ ಮಂಗಳ ಎತ್ತಿಕೊಂಡರು. ಎರಡನೆಯ ಸಾಲಿಗೆ ಬೇರೆ ದನಿಗಳು ಕೂಡಿಕೊಂಡವು. ಗಂಡಸರ ದನಿಗಳು... ನಾನು ಬಾಯಿ ತೆರೆದಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಮಂಗಳ ಮುಗಿದದ್ದೇ ಎಲ್ಲವೂ ಗಪ್. ಕರೆಂಟು ಬಂತು. ಅಜ್ಜ ಬಾಯಿ ತೆರೆದಿದ್ದರು. ಶಾಂತಕ್ಕ ಗಂಜಿ ಕುಡಿಸಿದರು, ಅವರು ನುಂಗಿದರು. ಇಡೀ ಬಟ್ಟಲು ಖಾಲಿ! ಶಾಂತಕ್ಕ ನಕ್ಕೇಬಿಟ್ಟರು, ನನಗೆ ಅಳು ಬಂತು. ಆಗ ಅಜ್ಜ, ವರ್ಷಗಟ್ಟಲೆ ಮಾತೇ ಆಡದವರು, ಸ್ಪಷ್ಟವಾಗಿ ಹೇಳಿದರು:

"ಆತಲ್ಲವಾ. ಏಳೂನು ಇನ್ನ."

ಅಷ್ಟೇ. ಮಗಳು ಹಿಡಿದಿದ್ದ ಕೈ ಮೆಲ್ಲಗೆ ತಣ್ಣಗಾಯಿತು.

ರೆಕಾರ್ಡನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿಗೆ ಹಾಕಿದ್ದೇನೆ. ಹಚ್ಚುವ ಧೈರ್ಯ ನನಗಿಲ್ಲ. ನಿನ್ನೆ ಶಾಂತಕ್ಕನ ಫೋನು ಬಂತು.

"ಅಣ್ಣಾರ, ಅದನ್ನ ತಗೊಂಡ ಇನ್ನೊಮ್ಮೆ ಬರ್ರಿ. ಮಂಗಳ ಹಾಡಿ ಅಪ್ಪನ್ನ ನಾನ ಎಬ್ಬಿಸಿ ಕಳಿಸಿದ್ನಿ... ಈ ಸಲ ಅಪ್ಪ ಬಂದು ಕುಂತ್ರ, ಮಂಗಳ ಹಾಡಾಂಗಿಲ್ರಿ ನಾ."

ಬೇಡ ಅನ್ನಬೇಕಿತ್ತು. ಆ ದನಿ ಕೇಳಿ ಹೂಂ ಅಂದುಬಿಟ್ಟೆ. ನಾಳೆ ಸಂಜೆ ಮೂಡಲಗಿಗೆ ಹೋಗಬೇಕು.