ಸೋಮವಾರವನ್ನೂ ನಂಬಿದವಳು

ಬಟ್ಟೆ ಹೊಲಿಯಲು ಕೊಟ್ಟವರು ವಾಪಸು ಬಂದು "ರೆಡಿನಾ ಅಕ್ಕಾ?" ಎಂದು ಕೇಳಿದರೆ ನಮ್ಮತ್ತೆ ಮಿಷನ್ನಿನಿಂದ ತಲೆ ಎತ್ತದೆಯೇ, "ಬಟ್ಟೆ ರೆಡಿ. ನೀನು ರೆಡಿನಾ?" ಎನ್ನುತ್ತಿದ್ದಳು. ಹೊಸಬರು ತಬ್ಬಿಬ್ಬಾಗುತ್ತಿದ್ದರು. ಹಳಬರು "ಮುಂದಿನ ವಾರ ಆಗ್ತೀನಿ ಬಿಡಕ್ಕಾ" ಎಂದು ನಕ್ಕು ಬಟ್ಟೆ ಎತ್ತಿಕೊಂಡು ಹೋಗುತ್ತಿದ್ದರು. ಹೀಗಾಗಿ ಬೀದಿಗೆಲ್ಲ ಅವಳು ರೆಡಿಯಕ್ಕ. ನನ್ನ ತಂದೆಯ ಅಕ್ಕ ಅವಳು, ನನಗೆ ಸೋದರತ್ತೆ.

ಹೊಲಿದ ಪ್ರತಿಯೊಂದು ಬಟ್ಟೆಯ ಜೇಬಿನಲ್ಲೂ ಅವಳು ಬೆರಳುದ್ದದ ಒಂದು ಚೀಟಿ ಇಡುತ್ತಿದ್ದಳು. "ಕರ್ತನ ಬರೋಣ ಹತ್ತಿರವಿದೆ, ಸಿದ್ಧರಾಗಿರಿ." ಜೇಬಿಲ್ಲದ ಬಟ್ಟೆಯಾದರೆ ಕೊರಳಪಟ್ಟಿಗೆ ಗುಂಡುಸೂಜಿಯಿಂದ ಚುಚ್ಚುತ್ತಿದ್ದಳು. ಬರೋಣ ಎಂದರೆ ನಮ್ಮ ಕ್ರೈಸ್ತ ಸಭೆಯವರ ಮಾತಿನಲ್ಲಿ ಯೇಸುಸ್ವಾಮಿ ಮತ್ತೆ ಬರುವುದು. ಇದು ತಿಳಿಯದ ಎದುರುಗಡೆಯ ಕ್ಷೌರದಂಗಡಿಯವನು ಒಂದು ದಿನ ಚೀಟಿ ಹಿಡಿದುಕೊಂಡೇ ಬಂದ.

"ಬರೋಣ ಅಂತ ಬರೆದಿದೀರಿ. ಎಲ್ಲಿಗೆ ಬರೋಣ ಅಕ್ಕಾ? ಹೆಂಡ್ತೀನೂ ಕರ್ಕೊಂಡು ಬರೋಣ್ವಾ?"

"ನೀನು ಎಲ್ಲಿಗೂ ಬರೋದು ಬೇಡ. ಬರೋದು ಅವನು. ನೀನು ಇರೋ ಕಡೆ ನೆಟ್ಟಗಿದ್ರೆ ಸಾಕು."

ಇಷ್ಟು ಹೇಳಿ ಬಿಟ್ಟಿದ್ದರೆ ಅವಳು ನಮ್ಮತ್ತೆ ಹೇಗಾಗುತ್ತಿದ್ದಳು? ಮುಂದಿನ ಆರು ತಿಂಗಳು ಅವನ ತಲೆ ತಿಂದಳು. ಕೊನೆಗೆ ಅವನು ಹೆಂಡತಿಯನ್ನೂ ಕರೆದುಕೊಂಡು ನಮ್ಮ ಪ್ರಾರ್ಥನೆಯ ಹಾಲಿಗೆ ಬಂದು ಕೂತ. ಹಾಲಿನಲ್ಲಿ ಕೂರುತ್ತಿದ್ದ ಎಪ್ಪತ್ತು ಚಿಲ್ಲರೆ ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೀಗೆ ಅವಳು ಹೊಲಿದ ಜೇಬಿನ ದಾರಿಯಿಂದಲೇ ಬಂದವರು.

ಅತ್ತೆಗೆ ಹತ್ತೊಂಬತ್ತಕ್ಕೆ ಮದುವೆ, ಇಪ್ಪತ್ತೆರಡಕ್ಕೆ ವಾಪಸು. ಗಂಡ ಬಿಟ್ಟ ಎಂದು ಜನ ಹೇಳುತ್ತಿದ್ದರು. ಅವಳನ್ನು ಕೇಳಿದರೆ, "ನಾನೇ ಬಿಟ್ಟೆ. ಮಿಷನ್ನೊಂದನ್ನ ಬಿಡಲಿಲ್ಲ" ಎನ್ನುತ್ತಿದ್ದಳು. ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಆ ಮಿಷನ್ನು, ಒಂದು ಉದ್ದನೆಯ ಕತ್ತರಿಸುವ ಮೇಜು, ಅಂಗಿ ಹಾಕಿ ನೋಡುವವರಿಗೆ ಮೂಲೆಯಲ್ಲೊಂದು ಪರದೆ. ಯೇಸುವಿನ ಸುವಾರ್ತೆ ಅವಳಿಗೆ ಸಿಕ್ಕಿದ್ದೂ ಅಲ್ಲಿಯೇ. ಯಾರೋ ಒಬ್ಬ ಮುದುಕ ರಿಪೇರಿಗೆ ಕೊಟ್ಟ ಹಳೇ ಕೋಟಿನ ಜೇಬಿನಲ್ಲಿ ನಾಲ್ಕು ಮಡಿಕೆಯ ಒಂದು ಕರಪತ್ರ ಇತ್ತು. ಓದಿದಳು, ಅತ್ತಳು, ಕೋಟನ್ನು ಪುಕ್ಕಟೆ ಹೊಲಿದುಕೊಟ್ಟಳು.

ಸ್ವಾಮಿ ಬರುತ್ತಾನೆ ಎಂದು ಅವಳಷ್ಟು ಗಟ್ಟಿಯಾಗಿ ನಂಬಿದವರನ್ನು ನಾನು ನೋಡಿಲ್ಲ. ಆಸ್ಪತ್ರೆಯೊಂದರ ರಕ್ತಪರೀಕ್ಷೆಯ ಕೋಣೆಯಲ್ಲಿ ಕೆಲಸ ಮಾಡುವ ನಾನು ಏನನ್ನೇ ಆದರೂ ಎರಡು ಸಲ ನೋಡದೆ ಒಪ್ಪುವವಳಲ್ಲ. ಅವಳು ಹಾಗಲ್ಲ. ಇವತ್ತೇ ಬಂದಾನು ಎಂದುಕೊಂಡೇ ಏಳುತ್ತಿದ್ದಳು. ಹಗಲು ಯಾರೊಂದಿಗಾದರೂ ಜಗಳವಾದರೆ (ದಿನಕ್ಕೊಂದಾದರೂ ಆಗುತ್ತಿತ್ತು, ಬಾಯಿ ಅಂಥದ್ದು) ಸಂಜೆಯೊಳಗೆ ಅವರ ಮನೆಗೆ ಹೋಗಿ ಕ್ಷಮೆ ಕೇಳುತ್ತಿದ್ದಳು. ಆ ಕ್ಷಮೆಯೂ ಬೈಗುಳದ ಹಾಗೇ ಇರುತ್ತಿತ್ತು. "ತಪ್ಪು ನಿಂದೇ. ಆದ್ರೂ ಅವನು ಇವತ್ತೇ ಬಂದುಬಿಟ್ರೆ ಕಷ್ಟ ಅಂತ ಬಂದಿದೀನಿ, ಕ್ಷಮಿಸಿಬಿಡು." ಯಾವ ಬಟ್ಟೆಯನ್ನೂ ಅರ್ಧ ಹೊಲಿದು ಮಲಗುತ್ತಿರಲಿಲ್ಲ. ಮಕ್ಕಳ ಬಟ್ಟೆಯಾದರೆ ಮಾತ್ರ ಕೆಳಗಿನ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆಯನ್ನು ಒಳಗೆ ಮಡಚಿ ಬಿಡುತ್ತಿದ್ದಳು. ಮಗು ಉದ್ದವಾದ ಹಾಗೆ ಬಿಚ್ಚಿಕೊಂಡರೆ ಇನ್ನೆರಡು ವರ್ಷ ಬರುತ್ತದೆ. ಈ ಎರಡು ನಂಬಿಕೆಗಳ ನಡುವೆ ಜಗಳವಿದೆ ಎಂದು ಅವಳಿಗೆ ಎಂದೂ ಅನ್ನಿಸಲಿಲ್ಲ. ಜಗಳ ಕಂಡುಹಿಡಿದದ್ದು ಹೊಸ ಪಾಸ್ಟರು.

ನಾನು ಶಾಲೆಯ ಕೊನೆಯ ತರಗತಿಯಲ್ಲಿದ್ದ ವರ್ಷ ಅವರು ಬಂದರು. ಗೋಡೆಯಗಲದ ಒಂದು ಬಟ್ಟೆಯ ಪಟ ತಂದು ತೂಗುಹಾಕಿದರು. ಏಳು ತಲೆಯ ಮೃಗ, ಕಹಳೆಗಳು, ಬಾಣದ ಗುರುತುಗಳು, ಉದ್ದುದ್ದ ಕೂಡುವ ಕಳೆಯುವ ಲೆಕ್ಕ. ಎಲ್ಲ ಬಾಣಗಳೂ ಹೋಗಿ ಒಂದು ಭಾನುವಾರಕ್ಕೆ ನಾಟಿಕೊಂಡಿದ್ದವು, ಸ್ವಾಮಿ ಬರುವ ದಿನ ಅದೇ ಎಂದರು. ಅದರ ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಗಣಿತದ ಪರೀಕ್ಷೆ.

ಅಪ್ಪ ಅಚ್ಚುಕೂಟದಲ್ಲಿ ಕೆಲಸ ಮಾಡುತ್ತಿದ್ದರು. ಅತ್ತೆಯ ಚೀಟಿಗಳನ್ನು ಉಳಿಕೆ ಕಾಗದದಲ್ಲಿ ಅಚ್ಚು ಹಾಕಿ ಕೊಡುತ್ತಿದ್ದವರು ಅವರೇ. ಮೃದು ಮನುಷ್ಯ. ನನಗೆ ಏಳು ವರ್ಷವಾಗಿದ್ದಾಗ ಅಮ್ಮ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡಳು. ಆಮೇಲೆ ಅವರು ಜೋರಾಗಿ ನಕ್ಕದ್ದು ನನಗೆ ನೆನಪಿಲ್ಲ. ಆ ತಾರೀಖು ಗೊತ್ತಾದ ದಿನ ಮಾತ್ರ ಅವರ ಮುಖ ಅರಳಿತ್ತು. ನನ್ನ ಗಣಿತದ ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು.

"ಸಾಕು ಮಗಳೇ. ಭಾನುವಾರ ನಿಮ್ಮಮ್ಮನ್ನ ನೋಡ್ತೀವಿ. ಸೋಮವಾರ ಅನ್ನೋದು ಇರಲ್ಲ."

ಏನು ಹೇಳಲಿ? ಅಮ್ಮನನ್ನು ನೋಡುವ ಆಸೆ ನನಗೂ ಇತ್ತು. ಆದರೆ ಗಣಿತದಲ್ಲಿ ನಾನು ತರಗತಿಗೇ ಮೊದಲಿಗಳು, ಅದನ್ನು ಹೇಳಿಕೊಳ್ಳಲು ಆ ಸೋಮವಾರ ನನಗೆ ಬೇಕಾಗಿತ್ತು. ಅಪ್ಪನ ಮೇಲೆ ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ಪಾಪಿಯಾದೆನೋ ಎಂದು ಭಯವೂ ಆಯಿತು. ಅಷ್ಟರಲ್ಲಿ ಪಾಸ್ಟರು ಒಂದು ತಗಡಿನ ಪೆಟ್ಟಿಗೆ ಇಟ್ಟು, ಲೋಕದ ಕಾಗದಗಳನ್ನೆಲ್ಲ ಅದರಲ್ಲಿ ಹಾಕಿ ಕರ್ತನಿಗೆ ಒಪ್ಪಿಸಿಬಿಡಿ ಎಂದರು. ಅಪ್ಪ ನನ್ನ ಹಾಲ್ ಟಿಕೆಟನ್ನು ಹಾಕಿದರು. ಅದಿಲ್ಲದೆ ಪರೀಕ್ಷೆಯ ಕೋಣೆಯೊಳಗೆ ಬಿಡುವುದಿಲ್ಲ.

ಆ ದಿನಕ್ಕೆ ಎಲ್ಲರಿಗೂ ಬಿಳಿ ನಿಲುವಂಗಿ ಬೇಕೆಂದು ಹೊಲಿಯುವ ಕೆಲಸವನ್ನು ಅತ್ತೆಗೇ ಒಪ್ಪಿಸಿದರು. ಅವಳು ತಾರೀಖಿನ ಬಗ್ಗೆ ಮೂಗು ಮುರಿದಳು. ಆದರೆ ಬಿಳಿ ಬಟ್ಟೆ ಯಾವತ್ತಾದರೂ ಬೇಕಾಗುವುದೇ ಎಂದು ಹೊಲಿದಳು. ಗುರುವಾರದ ಪ್ರಾರ್ಥನೆಯ ಹೊತ್ತಿಗೆ ಎಲ್ಲ ಹಂಚಿಯಾಗಿತ್ತು. ಒಬ್ಬ ತಾಯಿ ಮಗನ ಅಂಗಿಯ ಅಂಚನ್ನು ತಿರುವಿ ನೋಡಿ, ಖುಷಿಯಿಂದ ಪಕ್ಕದವಳಿಗೆ ತೋರಿಸಿದಳು. "ನೋಡೇ, ನಾಲ್ಕು ಬೆರಳು ಬಿಟ್ಟಿದಾಳೆ. ಇನ್ನೂ ಎರಡು ವರ್ಷ ಹಾಕ್ಬಹುದು." ಅದು ಪಾಸ್ಟರ ಕಿವಿಗೆ ಬಿತ್ತು. ಅವರು ಅಂಗಿಯನ್ನು ಕೈಗೆತ್ತಿಕೊಂಡು ಅತ್ತೆಯನ್ನು ಮುಂದೆ ಕರೆದರು.

"ಸಹೋದರೀ, ಇಷ್ಟು ಬಟ್ಟೆ ಒಳಗೆ ಯಾಕೆ ಬಿಟ್ಟಿದೀರಿ?"

"ಮಕ್ಕಳು ಬೆಳೀತಾರಲ್ಲ ಪಾಸ್ಟರೇ."

"ಯಾವಾಗ ಬೆಳೀತಾರೆ? ಇರೋದೇ ಮೂರು ದಿನ."

"ಮೂರು ದಿನದಲ್ಲೂ ಬೆಳೀತಾರೆ. ಟೇಪು ಕೊಡ್ಲಾ?"

ಯಾರೋ ಕಿಸಕ್ಕೆಂದರು. ಪಾಸ್ಟರ ಮುಖ ಕೆಂಪಾಯಿತು. ಅವರು ಕತ್ತರಿ ತರಿಸಿ ಅವಳ ಕೈಗಿಟ್ಟರು. ಎಲ್ಲ ಮಕ್ಕಳ ಅಂಗಿಯಿಂದಲೂ ಆ ಬಟ್ಟೆ ಕತ್ತರಿಸಿ ಹಾಕಬೇಕು; ಇದು ಅಪನಂಬಿಕೆ, ಸೋಮವಾರ ಇಲ್ಲ ಎಂದು ಎಲ್ಲರ ಮುಂದೆ ಸಾಕ್ಷಿ ಹೇಳಬೇಕು. ಇಲ್ಲವಾದರೆ ಈ ಸಭೆಯಲ್ಲಿ ಅವಳಿಗೆ ಜಾಗವಿಲ್ಲ.

ಅತ್ತೆ ಕತ್ತರಿಯನ್ನು ಬೆಂಚಿನ ಮೇಲಿಟ್ಟಳು. "ಅವನು ಬರ್ತಾನೆ ಅಂತ ಇಪ್ಪತ್ತಾರು ವರ್ಷದಿಂದ ಈ ಬೀದೀಲಿ ಹೇಳ್ತಿದೀನಿ. ಯಾವತ್ತು ಬರ್ತಾನೆ ಅಂತ ಒಂದು ದಿನವೂ ಹೇಳಿಲ್ಲ. ಪರಲೋಕದ ತಂದೆ ತನ್ನ ಮಗ ಯೇಸುವಿಗೇ ಹೇಳದೆ ಇಟ್ಕೊಂಡಿರೋ ತಾರೀಖು ನಿಮಗೆ ಹೇಗೆ ಸಿಕ್ತು ಪಾಸ್ಟರೇ? ನಾನು ಕತ್ತರಿಸಲ್ಲ. ಕಾಯಿ ಅಂದಿದಾನೆ, ಕಾಯ್ತೀನಿ. ಮಕ್ಕಳ ಬಟ್ಟೆ ಗಿಡ್ಡ ಮಾಡು ಅಂತ ಎಲ್ಲೂ ಹೇಳಿಲ್ಲ."

ಅವಳ ಜೇಬಿನ ದಾರಿಯಿಂದ ಬಂದ ಅಷ್ಟು ಮಂದಿಯಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಅಪ್ಪ ನೆಲ ನೋಡುತ್ತಿದ್ದರು. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ನಾನೂ ಸುಮ್ಮನಿದ್ದೆನಲ್ಲ, ಅದಕ್ಕೆ ಇನ್ನೂ ಹೆಚ್ಚು. ಅತ್ತೆ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ನನ್ನ ಕಡೆ ತಿರುಗಿದಳು. "ಸೋಮವಾರ ಹತ್ತು ಗಂಟೆಗೆ ಪರೀಕ್ಷೆ. ಓದ್ಕೋ." ಹೋದಳು.

ಭಾನುವಾರವಿಡೀ ನಾವು ಬಿಳಿ ಬಟ್ಟೆ ತೊಟ್ಟು ಹಾಲಿನಲ್ಲಿ ಕೂತೆವು. ಹಾಡಿದೆವು, ಪ್ರಾರ್ಥಿಸಿದೆವು, ತೂಕಡಿಸಿದೆವು. ರಾತ್ರಿ ಕಳೆದು ಸೋಮವಾರದ ಬೆಳಕು ಹರಿಯಿತು, ಕಿಟಕಿಯಲ್ಲಿ ಅದೇ ಹಳೇ ಸೂರ್ಯ. ಬೀದಿಯಲ್ಲಿ ಜನ ಸೇರಿದ್ದರು. ಯಾರೋ ತಗಡು ಬಡಿಯುತ್ತಿದ್ದರು, ಯಾರೋ "ಮೇಲೆ ಸೀಟ್ ಖಾಲಿ ಇರ್ಲಿಲ್ವಾ?" ಎಂದು ಕೂಗುತ್ತಿದ್ದರು. ಪಾಸ್ಟರು ಬಾಗಿಲಿಗೆ ಚಿಲಕ ಹಾಕಿಸಿದರು. ಲೆಕ್ಕದಲ್ಲಿ ಒಂದು ದಿನ ಹೆಚ್ಚುಕಡಿಮೆ ಆಗಿರಬೇಕು, ಈಗ ಹೊರಗೆ ಕಾಲಿಟ್ಟವರು ಹೊರಗೇ ಉಳಿಯುತ್ತಾರೆ ಎಂದರು. ಗೋಡೆಯ ಗಡಿಯಾರದಲ್ಲಿ ಒಂಬತ್ತೂ ಕಾಲು. ನಾನು ಆ ಮುಳ್ಳನ್ನೇ ನೋಡುತ್ತಿದ್ದೆ.

ಆಗ ಹೊರಗಿನಿಂದ ಆ ಬಾಯಿ ಕೇಳಿಸಿತು.

"ಏನ್ರೋ ಹಲ್ಲು ಕಿರೀತಿದೀರಿ? ಅವರು ಕಾದ್ರು. ತಪ್ಪು ದಿನ ಕಾದ್ರು, ಆದ್ರೂ ಕಾದ್ರು. ನೀವು ನಿಮ್ಮ ಜನ್ಮದಲ್ಲಿ ಯಾರಿಗಾದ್ರೂ ಒಂದು ದಿನ ಕಾದಿದೀರೇನ್ರೋ? ಇಡು ಆ ತಗಡು ಕೆಳಗೆ!"

ತಗಡು ನಿಂತಿತು. ಬಾಗಿಲಲ್ಲಿ ಧಡಧಡ ಸದ್ದಾಯಿತು. ಪಾಸ್ಟರು ಬೇಡವೆಂದು ಕೈಯೆತ್ತಿದರು. ಕ್ಷೌರದಂಗಡಿಯವನು ಅವರ ಮುಖವನ್ನೊಮ್ಮೆ ನೋಡಿದ, ಎದ್ದು ಹೋಗಿ ಚಿಲಕ ತೆಗೆದ.

ಅತ್ತೆ ನೇರ ಮುಂದಕ್ಕೆ ಬಂದು ತಗಡಿನ ಪೆಟ್ಟಿಗೆಯನ್ನು ನೆಲದ ಮೇಲೆ ಬೋರಲು ಹಾಕಿದಳು. ಕಾಗದಗಳ ರಾಶಿಯಲ್ಲಿ ನನ್ನ ಫೋಟೋ ಹುಡುಕಿದಳು.

"ಅದು ಕರ್ತನಿಗೆ ಒಪ್ಪಿಸಿದ್ದು!" ಎಂದರು ಪಾಸ್ಟರು.

"ಕರ್ತನಿಗೆ ಹಾಲ್ ಟಿಕೆಟ್ ಯಾಕೆ? ಅವನು ಯಾವ ಪರೀಕ್ಷೆ ಬರೀಬೇಕು?"

"ಇನ್ನೊಂದೇ ದಿನ ಸಹೋದರೀ. ಲೆಕ್ಕದಲ್ಲಿ ಒಂದು ದಿನ..."

"ಲೆಕ್ಕ ತಪ್ಪಿದ್ದು ನಿಮ್ಮದು. ಈ ಹುಡುಗಿಗೆ ಲೆಕ್ಕ ಬರುತ್ತೆ, ಹೋಗಿ ಮಾಡ್ಲಿ ಬಿಡಿ."

ನಾನು ಎದ್ದು ನಿಂತೆ. ಅಪ್ಪ ಏಳಲಿಲ್ಲ, ನನ್ನ ಮಣಿಕಟ್ಟನ್ನು ಹಿಡಿದುಕೊಂಡರು. ರಾತ್ರಿಯೆಲ್ಲ ಅತ್ತ ಕಣ್ಣು. "ಅಕ್ಕಾ," ಎಂದರು, "ಅವಳು ಸಿಗ್ತಾಳೆ ಅಂದ್ಕೊಂಡಿದ್ದೆ."

ಅತ್ತೆಗೆ ಸಿಟ್ಟು ಬರುತ್ತದೆ ಎಂದುಕೊಂಡೆ. ಅವಳು ಅಪ್ಪನ ಪಕ್ಕ ನೆಲದ ಮೇಲೆ ಕೂತಳು.

"ಸಿಗ್ತಾಳೆ ಕಣೋ. ನನಗೂ ಅವಳನ್ನ ನೋಡ್ಬೇಕು. ನೋಡೇ ನೋಡ್ತೀವಿ, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದ್ರೆ ನಿನ್ನ ಮುಖ ಕಂಡ ತಕ್ಷಣ ಅವಳು ಮೊದಲು ಏನು ಕೇಳ್ತಾಳೆ ಹೇಳು? ಹುಡುಗೀನ ಪರೀಕ್ಷೆಗೆ ಕಳಿಸಿದ್ಯಾ ಅಂತ ಕೇಳ್ತಾಳೆ. ಏನು ಉತ್ತರ ಕೊಡ್ತೀಯ?"

ಪಾಸ್ಟರು ಏನೋ ಹೇಳುತ್ತಲೇ ಇದ್ದರು, ಅದು ಯಾರಿಗೂ ಕೇಳಿಸಲಿಲ್ಲ. ಅಪ್ಪ ನನ್ನ ಮಣಿಕಟ್ಟು ಬಿಡದೆಯೇ ಎದ್ದು ನಿಂತರು.

ಬಟ್ಟೆ ಬದಲಾಯಿಸಲು ಹೊತ್ತಿರಲಿಲ್ಲ. ಬಿಳಿ ನಿಲುವಂಗಿಯಲ್ಲೇ ನಾನು, ನನ್ನ ಪಕ್ಕ ಬಿಳಿ ನಿಲುವಂಗಿಯಲ್ಲೇ ಅಪ್ಪ, ಮುಂದೆ ಅತ್ತೆ. ಬೀದಿಯುದ್ದಕ್ಕೂ ಜನ ಎರಡು ಕಡೆ ನಿಂತು ನೋಡಿದರು. ಕೆಲವರು ನಕ್ಕರು. ಅಪ್ಪ ಯಾವತ್ತೂ ಯಾರ ಕಣ್ಣಿಗೂ ಬೀಳದೆ ಗೋಡೆ ಸವರಿಕೊಂಡು ನಡೆಯುವವರು. ಅಂದು ರಸ್ತೆಯ ನಟ್ಟನಡುವೆ ನಡೆದರು. ಹಾಲ್ ಟಿಕೆಟು ಅತ್ತೆಯ ಕೈಯಲ್ಲಿತ್ತು. ಅಡ್ಡ ಬಂದವರಿಗೆಲ್ಲ ಅವಳು ಅದನ್ನೇ ತೋರಿಸಿ ದಾರಿ ಬಿಡಿಸುತ್ತಿದ್ದಳು.

ಶಾಲೆ ಮುಟ್ಟಿದಾಗ ಹತ್ತು ದಾಟಿ ಏಳು ನಿಮಿಷ. ಗೇಟು ಹಾಕಿತ್ತು. ಕಾವಲಿನವನಿಗೆ ಸುದ್ದಿ ಆಗಲೇ ಮುಟ್ಟಿತ್ತು. ನಮ್ಮ ಮೂವರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ ಸಲಾಕೆಗಳ ಆಚೆಯಿಂದ ನಕ್ಕ.

"ಏನಮ್ಮಾ, ನಿಮ್ಮ ಸ್ವಾಮಿ ಬರಲೇ ಇಲ್ವಂತೆ?"

ಅಪ್ಪ ತಲೆ ತಗ್ಗಿಸಲಿಲ್ಲ. ಅತ್ತೆ ಹಾಲ್ ಟಿಕೆಟನ್ನು ಸಲಾಕೆಯ ಸಂದಿಯಿಂದ ಒಳಗೆ ಚಾಚಿದಳು.

"ಬರ್ತಾನೆ. ಅವನು ಬಂದಾಗ ಈ ಹುಡುಗಿ ಒಳಗೆ ಕೂತು ಲೆಕ್ಕ ಮಾಡ್ತಿರ್ಲಿ. ಗೇಟು ತೆಗಿ."

ಅವನು ಗೇಟು ತೆಗೆದ.