ಒಂದೂವರೆ ಬೀಗರ ಬೆಂಚು

ರಾಜಾಜಿನಗರದ ಹೊಸ ಬಡಾವಣೆಯಲ್ಲಿ ಯಾರಾದರೂ ತಿಮ್ಮಯ್ಯನಿಗೆ ಏನು ಕೆಲಸ ಎಂದು ಕೇಳಿದರೆ ಅವನ ಹೆಂಡತಿ ಅಕ್ಕಯ್ಯಮ್ಮ, "ವಿಮಾನ ಮುರೀತಾರೆ" ಎಂದುಬಿಡುತ್ತಿದ್ದಳು. ಸುಳ್ಳೇನಲ್ಲ. ದಿನಾ ಸೈಕಲ್ ತುಳಿದು ಊರಿನ ಆ ತುದಿಯ ವಿಮಾನ ಕಾರ್ಖಾನೆಗೆ ಹೋಗಿ, ಹೊಸದಾಗಿ ಮಾಡಿದ ರೆಕ್ಕೆಯನ್ನು ಅಂಗಾತ ಮಲಗಿಸಿ, ಅದರ ಮೇಲೆ ಮರಳಿನ ಮೂಟೆ ಹೇರುವುದೇ ಅವನ ಕೆಲಸ. ಆಕಾಶದಲ್ಲಿ ರೆಕ್ಕೆ ಎಷ್ಟು ಭಾರ ತಡೆಯಬೇಕೋ ಅದರ ಒಂದೂವರೆ ಪಟ್ಟು ಹೇರಬೇಕು. ಬಗ್ಗಿದರೆ ಚಿಂತೆಯಿಲ್ಲ, ಮುರಿಯಬಾರದು. ಯಾವುದರ ಭಾರ, ಎಷ್ಟು ಪಟ್ಟು ಎಂದು ಅಲ್ಲೇ ಸೀಮೆಸುಣ್ಣದಲ್ಲಿ ಬರೆಯಬೇಕು. ಎಂಟು ವರ್ಷದಿಂದ ಇದನ್ನೇ ಮಾಡಿ ಮಾಡಿ ತಿಮ್ಮಯ್ಯ ಮುದ್ದೆಯನ್ನೂ ಅದುಮಿ ನೋಡಿಯೇ ನುಂಗುತ್ತಿದ್ದ.

ಇಂಥವನ ಮನೆಯ ಬೆಂಚೇ ಮುರಿದುಬಿತ್ತು, ಐವತ್ತಾರನೆಯ ಇಸವಿಯಲ್ಲಿ. ಅದೂ ಮಗಳು ವತ್ಸಲಾಳನ್ನು ನೋಡಲು ಕೆಂಗೇರಿಯಿಂದ ಬಂದ ಗಂಡಿನ ತಂದೆ ಮುನಿವೆಂಕಟಪ್ಪನವರು ಕೂತ ಗಳಿಗೆಯಲ್ಲಿ. ಅವರು ಭಾರಿ ಆಳು. ಬೆಂಚು ಲಟಕ್ಕೆಂದಿತು, ಕೇಸರಿಬಾತು ಗೋಡೆಗೆ ಹಾರಿತು. ಎಲ್ಲರೂ ಅವರನ್ನು ಎತ್ತುವ ಗಡಿಬಿಡಿಯಲ್ಲಿದ್ದಾಗ ವತ್ಸಲಾ ಮತ್ತು ಹುಡುಗ ನಾರಾಯಣಪ್ಪ ಒಬ್ಬರನ್ನೊಬ್ಬರು ನೆಮ್ಮದಿಯಾಗಿ ನೋಡಿಕೊಂಡರು, ಮನಸ್ಸಿನಲ್ಲೇ ಒಪ್ಪಿಕೊಂಡೂ ಬಿಟ್ಟರು. ಮುನಿವೆಂಕಟಪ್ಪನವರು ಮಾತ್ರ ಕಾಫಿಯನ್ನೂ ಮುಟ್ಟದೆ ಹೊರಟರು.

ಮಗನ ಕಾಟ ತಡೆಯಲಾರದೆ, ತಿಂಗಳ ಮೇಲೆ ಇನ್ನೊಮ್ಮೆ ಬರಲು ಒಪ್ಪಿದರು. ಈ ಸಲವೂ ಎಡವಟ್ಟಾದರೆ ಸಂಬಂಧ ತಪ್ಪಿದ ಹಾಗೆಯೇ. ವತ್ಸಲಾ ಅಪ್ಪನ ಹತ್ತಿರ ಮಾತು ಬಿಟ್ಟಳು. ತಿಮ್ಮಯ್ಯನಿಗೆ ನಾಚಿಕೆಯಿಂದ ಊಟವೇ ಸೇರಲಿಲ್ಲ. ಗುಜರಿಯಿಂದ ಅಲ್ಯೂಮಿನಿಯಂ ತಗಡು ತಂದು, ರಿವೆಟ್ ಹೊಡೆದು, ತಾನೇ ಬೆಂಚು ಕಟ್ಟಿದ. ರೆಕ್ಕೆಯ ಒಳಗಿರುವಂತೆಯೇ ಪಟ್ಟಿಗಳಿಗೆಲ್ಲ ದುಂಡಗೆ ತೂತು ಕೊರೆದ.

"ಇದೇನ್ರೀ, ಬೆಂಚಿಗೆ ಈ ಪಾಟಿ ತೂತು?" ಅಕ್ಕಯ್ಯಮ್ಮ ಕೇಳಿದಳು.

"ತೂಕ ಕಮ್ಮಿ ಆಗ್ಲಿ ಅಂತ ಕಣೇ."

"ಕಮ್ಮಿ ಆಗ್ಬೇಕಿರೋದು ಬೆಂಚಿನ ತೂಕ ಅಲ್ವಲ್ಲ."

ಬೀಗರಾಗಬೇಕಾದವರ ತೂಕ ತಿಳಿಯದೆ ಪರೀಕ್ಷೆ ಮಾಡುವುದು ಹೇಗೆ? ನಾರಾಯಣಪ್ಪ ರೈಲ್ವೆ ಸ್ಟೇಷನ್ನಿನಲ್ಲಿ ಗುಮಾಸ್ತ. ತಿಮ್ಮಯ್ಯ ಗುಟ್ಟಾಗಿ ಹೇಳಿ ಕಳಿಸಿದ್ದೇ ತಡ, ಅವನು ಅಪ್ಪನನ್ನು ಮಾತಿಗೆಳೆದು ಪಾರ್ಸೆಲ್ ತೂಗುವ ಹಲಗೆಯ ಮೇಲೆ ನಿಲ್ಲಿಸಿಕೊಂಡ, ಓರೆಗಣ್ಣಲ್ಲಿ ಮುಳ್ಳು ನೋಡಿ ಕಾಗದ ಬರೆದ: ಇನ್ನೂರ ಎಂಬತ್ತು ಪೌಂಡು, ಚಪ್ಪಲಿ ಸೇರಿ.

ಅವರು ಬರುವ ದಿನ ಬೆಳಿಗ್ಗೆ ಅಂಗಳದಲ್ಲಿ ಪರೀಕ್ಷೆ ನಡೆಯಿತು. ಒಂದೊಂದು ಮೂಟೆ ಇಪ್ಪತ್ತೆಂಟು ಪೌಂಡು. ಪಕ್ಕದ ಮನೆಯ ಪಾಪಮ್ಮ ಬೇಲಿಯಾಚೆ ನಿಂತು ಎಣಿಸುತ್ತಿದ್ದಳು. ಹತ್ತನೆಯ ಮೂಟೆಗೆ, "ಒಬ್ರು ಬೀಗ್ರಾದ್ರು" ಎಂದಳು. ಹದಿನೈದಕ್ಕೆ ಬೆಂಚು ಕಿರ್ರೆಂದು ಬಗ್ಗಿ ನಿಂತಿತು. ತಿಮ್ಮಯ್ಯ ಅಭ್ಯಾಸಬಲದಿಂದ ಸೀಮೆಸುಣ್ಣ ತೆಗೆದು ಬೆಂಚಿನ ಅಂಚಿಗೆ ದಪ್ಪಕ್ಷರದಲ್ಲಿ ಬರೆದ: ಮುನಿವೆಂಕಟಪ್ಪ, ಒಂದೂವರೆ.

ತಲೆಯೆತ್ತಿದರೆ ಗೇಟಿನ ಹತ್ತಿರ ಮುನಿವೆಂಕಟಪ್ಪನವರೇ ನಿಂತಿದ್ದರು. ಮಗನನ್ನು ಕರೆದುಕೊಂಡು ಮೊದಲ ರೈಲಿಗೇ ಬಂದಿದ್ದರು. ಅವರಿಗೆ ಓದು ಚೆನ್ನಾಗಿಯೇ ಬರುತ್ತಿತ್ತು.

ತಿಮ್ಮಯ್ಯ ಸೀಮೆಸುಣ್ಣವನ್ನು ಬೆನ್ನ ಹಿಂದೆ ಅಡಗಿಸಿದ. ಸುಳ್ಳು ಹೊಳೆಯದೆ ರೆಕ್ಕೆ, ಮರಳು, ಪಾರ್ಸೆಲ್ ಹಲಗೆ ಎಲ್ಲವನ್ನೂ ಒದರಿಬಿಟ್ಟ. ನಾರಾಯಣಪ್ಪ ಅಪ್ಪನ ಬೆನ್ನ ಹಿಂದೆ ನಿಂತು ಬೇಡ ಬೇಡ ಎಂದು ಕೈಯಾಡಿಸುತ್ತಲೇ ಇದ್ದ.

"ಅಂದ್ರೆ ನನ್ನ ಕೂರ್ಸೋಕ್ ಮುಂಚೆ ನನ್ ಲೆಕ್ಕದ ಮರಳು ಕೂರ್ಸಿ ನೋಡಿದ್ರಿ," ಎಂದರು ಮುನಿವೆಂಕಟಪ್ಪನವರು.

"ಹೂಂ ಸ್ವಾಮಿ."

"ಮುರೀಲಿಲ್ವಾ?"

"ಬಗ್ತು. ಮುರೀಲಿಲ್ಲ."

ಅವರು ಬೆಂಚನ್ನೇ ನೋಡುತ್ತ ನಿಂತರು. "ಹನ್ನೆರಡು ವರ್ಷ ಆಯ್ತು ಕಣ್ರೀ. ಯಾರ್ ಮನೆಗ್ ಹೋದ್ರೂ ಸೊಂಟ ನೋವು ಅಂತ ಸುಳ್ ಹೇಳಿ ನಿಂತೇ ಕಾಫಿ ಕುಡೀತೀನಿ. ನಿಮ್ಮನೇಲಿ ಧೈರ್ಯ ಮಾಡಿ ಕೂತೆ, ಬಿದ್ದೆ. ನಂಗೋಸ್ಕರ ಯಾರೂ ಇಷ್ಟು ಯೋಚ್ನೆ ಮಾಡಿರ್ಲಿಲ್ಲ." ಅಷ್ಟು ದೊಡ್ಡ ಮನುಷ್ಯನ ದನಿ ಸಣ್ಣಗಾಗಿತ್ತು.

ಮೂಟೆ ಇಳಿಸಿದರು, ಅವರು ಕೂತರು. ಬೆಂಚು ಬಗ್ಗಿತು. ಎಲ್ಲರೂ ಉಸಿರು ಬಿಗಿಹಿಡಿದರು. ಬೆಂಚು ಬಗ್ಗಿದಷ್ಟಕ್ಕೇ ನಿಂತಿತು. ಮುನಿವೆಂಕಟಪ್ಪನವರು ಕಾಲು ಚಾಚಿಕೊಂಡು ಮೂರು ತಟ್ಟೆ ಕೇಸರಿಬಾತು ಮುಗಿಸಿದರು. ಮಧ್ಯಾಹ್ನವಾದರೂ ಏಳಲಿಲ್ಲ. ಎದ್ದಾಗ ಅವರದು ಒಂದೇ ಷರತ್ತು, ಹುಡುಗಿಯ ಜೊತೆ ಬೆಂಚೂ ಬರಬೇಕು. ತಿಮ್ಮಯ್ಯ ಬರಹ ಒರೆಸಲು ಹೋದರೆ ಕೈ ಹಿಡಿದು ತಡೆದರು.

"ಇರ್ಲಿ ಬಿಡಿ ಬೀಗ್ರೆ. ಒಂದು ನಾನು. ಇನ್ನರ್ಧ ಯಾರು?"

"ಯಾರೂ ಅಲ್ಲ. ಯಾವತ್ತಾದ್ರೂ ಬೇಕಾಗುತ್ತೆ ಅಂತ ಇಟ್ಟಿರ್ತೀವಿ."

ಎರಡು ವರ್ಷದ ಮೇಲೆ, ಬಾಣಂತನ ಮುಗಿಸಿದ ವತ್ಸಲಾಳನ್ನೂ ಐದು ತಿಂಗಳ ಕೂಸನ್ನೂ ಬಿಡಲು ತಿಮ್ಮಯ್ಯ ಕೆಂಗೇರಿಗೆ ಹೋದ. ಜಗಲಿಯ ಬೆಂಚಿನ ಮೇಲೆ ಸೀಮೆಸುಣ್ಣದ ಬರಹವನ್ನು ಈಗ ಅಳಿಸದ ಹಾಗೆ ಹಸಿರು ಬಣ್ಣದಲ್ಲಿ ತಿದ್ದಿದ್ದರು. ಮುನಿವೆಂಕಟಪ್ಪನವರು ಕೂತಲ್ಲಿಂದಲೇ ಕೈಚಾಚಿ ಮೊಮ್ಮಗಳನ್ನು ತೊಡೆಗೆ ಹಾಕಿಕೊಂಡರು. ತಿಮ್ಮಯ್ಯ ಥಟ್ಟನೆ ಕುಕ್ಕರುಗಾಲಲ್ಲಿ ಕೂತು ಬೆಂಚಿನ ಅಡಿ ಇಣುಕಿದ.

"ಏಳಿ ಬೀಗ್ರೆ," ಎಂದರು ಅವರು. "ನಿಮ್ಮ ಇನ್ನರ್ಧ ಬಂತು."